ರಾಗಿಯ ಮೊದಲ ರಾತ್ರಿಗಳು

ಮಾಟುಂಗಾ, ಮುಂಬೈ
ಶುಕ್ರವಾರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ರಾತ್ರಿ ಎರಡು ಗಂಟೆಗೆ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಬೆಳಿಗ್ಗೆ ಕೇಳಿದೆ. ನಿನ್ನ ಹೊಸ ನಾಯಿ ರಾಗಿಯೂ ಅಳುತ್ತಿತ್ತು, ನೀನೂ ಅಳುತ್ತಿದ್ದೆ. "ಶೆಲ್ಟರಿಗೇ ವಾಪಸ್ ಕೊಡಬೇಕೇನೋ ದೊಡ್ಡಮ್ಮ" ಅಂದೆಯಲ್ಲ, ಆ ಮಾತು ಕೇಳಿ ಮನಸ್ಸು ತಡೆಯಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ರಾಗಿ ಮಲಗುವ ಕಂಬಿಯ ಗೂಡು, ಆ ಕ್ರೇಟ್, ಹಾಲ್‌ನಲ್ಲಿದೆ ಅಲ್ವಾ? ಮೊದಲು ಅದನ್ನು ನಿನ್ನ ಮಂಚದ ಪಕ್ಕಕ್ಕೆ ತಂದಿಡು. ಉಳಿದದ್ದನ್ನು ಆಮೇಲೆ ಓದಿದರೂ ಆಯಿತು.

ರಾಗಿ ಬೀದಿಯಲ್ಲಿ ಹುಟ್ಟಿದ್ದು. ಬೀದಿಯಲ್ಲಿದ್ದಾಗಲೂ ಶೆಲ್ಟರಿನಲ್ಲಿದ್ದಾಗಲೂ ಸುತ್ತ ಬೇರೆ ನಾಯಿಗಳಿದ್ದವು. ಕಣ್ಣು ಮುಚ್ಚಿದರೂ ಅವುಗಳ ವಾಸನೆ, ಉಸಿರಿನ ಸದ್ದು ಇರುತ್ತಿತ್ತು. ಈಗ ಪುಣೆಯ ಕೋಥ್ರೂಡಿನ ಮೂರನೇ ಮಹಡಿ, ಗೊತ್ತಿಲ್ಲದ ಮನೆ, ಕತ್ತಲು, ಅದರ ಜೊತೆಗೆ ಮುಚ್ಚಿದ ಬಾಗಿಲು. ಅಳದೆ ಏನು ಮಾಡುತ್ತೆ ಹೇಳು? ನಿನ್ನ ಉಸಿರು ಕೇಳಿಸುವಷ್ಟು ಹತ್ತಿರ ಮಲಗಿಸಿಕೊ. ಅರ್ಧ ಅಳು ಅಲ್ಲೇ ಇಳಿಯುತ್ತೆ.

ನಿನಗೆ ನಮ್ಮ ನಾಯಿ ಕರಿಯನ ನೆನಪಿದೆ. ಅವನ ಮೊದಲ ರಾತ್ರಿಯ ಕಥೆ ಗೊತ್ತಿಲ್ಲ. "ಅಳಲಿ ಬಿಡಿ, ಎರಡು ದಿನದಲ್ಲಿ ತಾನೇ ಸುಮ್ಮನಾಗುತ್ತೆ" ಎಂದು ಪರಿಚಯದವರೊಬ್ಬರು ಹೇಳಿದ್ದರು. ನಾನು ನಂಬಿ, ಕ್ರೇಟನ್ನು ಅಡುಗೆಮನೆಯಲ್ಲಿಟ್ಟು ಬಾಗಿಲು ಹಾಕಿಕೊಂಡೆ. ಮೂರು ಗಂಟೆಯ ಹೊತ್ತಿಗೆ ಸದ್ದು ನಿಂತಿತು. ಅಬ್ಬಾ, ಅಭ್ಯಾಸ ಆಯಿತು ಅಂದುಕೊಂಡು ಮಲಗಿದೆ. ಬೆಳಿಗ್ಗೆ ಹೋಗಿ ನೋಡಿದರೆ ಕಂಬಿ ಕೆರೆದು ಕೆರೆದು ಉಗುರು ಕಿತ್ತುಬಂದಿತ್ತು. ಹಾಸಿಗೆಯೆಲ್ಲ ಜೊಲ್ಲಿನಿಂದ ಒದ್ದೆ. ಅವನು ದಣಿದು ಸುಮ್ಮನಾಗಿದ್ದ. ಆಮೇಲೆ ಮೂರು ತಿಂಗಳು ಅವನು ಆ ಕ್ರೇಟಿನ ಹತ್ತಿರವೂ ಸುಳಿಯಲಿಲ್ಲ. ಇವತ್ತಿಗೂ ನೆನೆದರೆ ಹೊಟ್ಟೆ ತೊಳಸುತ್ತೆ ಪುಟ್ಟಿ. ನಿನಗೂ ಯಾರಾದರೂ ಅದೇ ಮಾತು ಹೇಳುತ್ತಾರೆ. ಕೇಳಬೇಡ.

ರಾತ್ರಿ ಚೆನ್ನಾಗಿ ಕಳೆಯಬೇಕಾದರೆ ಹಗಲಲ್ಲೇ ಕೆಲಸ ಶುರುವಾಗಬೇಕು. ಕ್ರೇಟಿನ ಬಾಗಿಲನ್ನು ಒಂದು ದಾರದಿಂದ ಹಿಂದಕ್ಕೆ ಕಟ್ಟಿಬಿಡು, ಬಡಿದು ಹೆದರಿಸದ ಹಾಗೆ. ಊಟದ ತಟ್ಟೆಯನ್ನು ಮೊದಲು ಬಾಗಿಲ ಬಳಿ ಇಡು, ಮರುದಿನ ಸ್ವಲ್ಪ ಒಳಗೆ, ಆಮೇಲೆ ಪೂರ್ತಿ ಒಳಗೆ. ನಿರಾಳವಾಗಿ ತಿನ್ನುತ್ತಿದೆ ಅನ್ನಿಸಿದಾಗ ಬಾಗಿಲು ಮುಚ್ಚು. ತಿಂದು ಮುಗಿಸುವ ಮೊದಲೇ ತೆಗೆ. ಹೀಗೇ ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ. ನಡುನಡುವೆ ಉಪ್ಪು ಹಾಕದೆ ಬೇಯಿಸಿದ ಕೋಳಿಯ ಚೂರನ್ನು ಒಳಗೆ ಹಾಕಿ ಸುಮ್ನೆ ಆಚೆ ಹೋಗು. ತಾನೇ ಹುಡುಕಿ ತಿನ್ನಲಿ. ಕತ್ತುಪಟ್ಟಿ ಹಿಡಿದು ಎಳೆದು ಒಳಗೆ ಹಾಕಬೇಡ. ಚಪ್ಪಲಿ ಕಚ್ಚಿತು ಅಂತ ಕ್ರೇಟಿನಲ್ಲಿ ಕೂಡಿಹಾಕಲೇಬೇಡ. ಅದು ಬೋನು ಅನ್ನಿಸಿಬಿಟ್ಟರೆ ಮತ್ತೆ ಗೂಡು ಅನ್ನಿಸುವುದು ಬಹಳ ಕಷ್ಟ.

ರಾತ್ರಿ ಊಟ ಏಳು ಗಂಟೆಯ ಸುಮಾರಿಗೆ ಮುಗಿಸು. ಹತ್ತೂವರೆಗೆ ಕೆಳಗೆ ಕರೆದುಕೊಂಡು ಹೋಗು, ಮೂಸಿ ಮೂಸಿ ನಡೆಯಲಿ, ಅವಸರ ಮಾಡಬೇಡ. ವಾಪಸ್ ಬಂದ ಮೇಲೆ ಕತ್ತುಪಟ್ಟಿ ಬಿಚ್ಚಿಡು. ಕಂಬಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತೆ. ನೀನು ಎರಡು ದಿನ ಹಾಕಿಕೊಂಡ, ಒಗೆಯದ ಟೀ ಶರ್ಟನ್ನು ಹಾಸಿಗೆಯ ಮೇಲೆ ಹಾಕು. ಬಟ್ಟೆ ಹರಿದು ನುಂಗುವ ಅಭ್ಯಾಸ ಇದ್ದರೆ ಮಾತ್ರ ಬೇಡ. ಕ್ರೇಟಿನ ಮೂರು ಕಡೆ ಕಾಟನ್ ಬೆಡ್‌ಶೀಟ್ ಹೊದಿಸು, ನಿನ್ನ ಕಡೆ ತೆರೆದಿರಲಿ. ಒಳಗೆ ನಿಂತು, ತಿರುಗಿ, ಕಾಲು ಚಾಚಿ ಮಲಗಲು ಜಾಗ ಇದೆಯಾ ಅಂತಲೂ ನೋಡು.

ಅತ್ತರೆ ಏನು ಮಾಡಲಿ ಅಂತ ಕೇಳಿದ್ದೆ. ಸಣ್ಣಗೆ ಕುಂಯ್‌ಗುಟ್ಟಿದರೆ ಮಂಚದಿಂದ ಕೈ ಇಳಿಬಿಟ್ಟು, ಬೆರಳು ಕಂಬಿಗೆ ತಾಗಿಸಿ, "ಇಲ್ಲೇ ಇದ್ದೀನಿ ರಾಗಿ" ಅನ್ನು. ಸಮಾಧಾನ ಮಾಡಿದರೆ ಅಳು ಕಲಿಯುತ್ತೆ ಅನ್ನುವ ಮಾತಿಗೆ ಕಿವಿಗೊಡಬೇಡ. ಹೆದರಿದ ಜೀವಕ್ಕೆ ಧೈರ್ಯ ಕೊಟ್ಟರೆ ಹೆದರಿಕೆ ಹೆಚ್ಚಾಗುವುದಿಲ್ಲ. ಒಂದು ನಿದ್ದೆ ಮುಗಿಸಿ ಎದ್ದು ಚಡಪಡಿಸಿದರೆ ಉಚ್ಚೆಗೆ ಅಂತ ತಿಳಿ. ದೊಡ್ಡ ಲೈಟು ಹಾಕದೆ, ಆಟ ಮಾತು ಇಲ್ಲದೆ ಕೆಳಗೆ ಹೋಗಿ ಬಾ. ಊಟ ಬದಲಾಗಿರುವುದರಿಂದ ಮೊದಲ ವಾರ ಭೇದಿಯೂ ಆಗಬಹುದು. ನಿಲ್ಲದಿದ್ದರೆ, ಊಟ ಬಿಟ್ಟರೆ, ಮಂಕಾಗಿದ್ದರೆ ಡಾಕ್ಟರಿಗೆ ತೋರಿಸು. ಉಣ್ಣೆಹುಳದಿಂದ ಬರುವ ಜ್ವರ ನಮ್ಮ ಕಡೆಯ ನಾಯಿಗಳಲ್ಲಿ ಜಾಸ್ತಿ.

ಆದರೆ ಜೊಲ್ಲು ಸುರಿಸುತ್ತಾ, ಏದುಸಿರು ಬಿಡುತ್ತಾ, ಕಂಬಿ ಕಚ್ಚುತ್ತಿದ್ದರೆ ಕಾಯಬೇಡ, ಬಾಗಿಲು ತೆಗೆದುಬಿಡು. ರೂಮಿನ ಬಾಗಿಲು ಹಾಕಿ, ವೈರು ಚಪ್ಪಲಿ ಎಲ್ಲ ಎತ್ತಿಟ್ಟು, ನಿನ್ನ ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿಸು. ಕ್ರೇಟ್ ಒಗ್ಗದ ನಾಯಿಗಳೂ ಇವೆ. ಎಂಟು ಸಾವಿರ ಕೊಟ್ಟಿದ್ದೀನಿ ಅಂತ ಹಟ ಹಿಡಿಯಬೇಡ.

ಕೆಳಗಿನ ಮನೆಯವರ ವಿಷಯ ಬರೆದಿದ್ದೆ. ನೀನೇ ಹೋಗಿ ಬಾಗಿಲು ತಟ್ಟಿ, "ಹೊಸ ನಾಯಿ, ಸ್ವಲ್ಪ ದಿನ ಸದ್ದಾಗುತ್ತೆ, ಕ್ಷಮಿಸಿ" ಅನ್ನು. ಸಾಕುಪ್ರಾಣಿ ಇಟ್ಟುಕೊಳ್ಳಬಾರದು ಎಂದು ಸೊಸೈಟಿ ನಿಯಮ ಮಾಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಅದು ನಿನಗೆ ಗೊತ್ತಿರಲಿ. ಮೊದಲ ಭೇಟಿಯಲ್ಲೇ ಆ ಮಾತು ತೆಗೆಯಬೇಡ.

ಶೆಲ್ಟರಿನವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಹೇಳಿರಬೇಕು. ಬೆದರು ಇಳಿಯಲು ಮೂರು ದಿನ, ಮನೆಯ ದಿನಚರಿ ತಿಳಿಯಲು ಮೂರು ವಾರ, ನನ್ನ ಮನೆ ಅನ್ನಿಸಲು ಮೂರು ತಿಂಗಳು. ಅದೊಂದು ಅಂದಾಜು ಅಷ್ಟೇ. ಕರಿಯನಿಗೆ ಆರು ತಿಂಗಳು ಹಿಡಿಯಿತು. ನಿನ್ನ ಮನೆಗೆ ರಾಗಿ ಬಂದು ಇನ್ನೂ ಎರಡು ರಾತ್ರಿ ಆಗಿದೆ ಮಗಳೇ.

ಈ ಭಾನುವಾರ ಬರುತ್ತೇನೆ ಅಂದಿದ್ದೆ. ಬರುವುದಿಲ್ಲ. ಈಗ ಹೊಸ ಮುಖ ಅದಕ್ಕೆ ಬೇಡ. ನೋಡುವ ಆಸೆ ಎಷ್ಟಿದೆ ಅಂತ ನಿನಗೆ ಗೊತ್ತು, ಆದರೂ ಒಂದು ತಿಂಗಳು ಕಳೆಯಲಿ. ಆಮೇಲೆ ಡೆಕ್ಕನ್ ಕ್ವೀನ್ ರೈಲು ಹತ್ತಿ ಬರುತ್ತೇನೆ. ನನ್ನ ಹಳೆಯ ಕಾಟನ್ ಸೀರೆ ಕೊರಿಯರ್ ಮಾಡಿದ್ದೇನೆ. ಎರಡು ರಾತ್ರಿ ನೀನು ಹೊದ್ದುಕೊಂಡು, ಆಮೇಲೆ ರಾಗಿಗೆ ಹಾಸು. ನಾನು ಬರುವ ಹೊತ್ತಿಗೆ ನಿನ್ನ ವಾಸನೆಯ ಜೊತೆ ನನ್ನದೂ ಸ್ವಲ್ಪ ಗೊತ್ತಿರುತ್ತೆ.

ನಿನ್ನ
ದೊಡ್ಡಮ್ಮ