ಸಂಸ್ಕರಿತ ಮಾಂಸ: ಶೇಕಡಾ 18 ಅಂದ್ರೆ ಎಷ್ಟು ಅಂತನೂ ಬರೀರಿ

ಮಾನ್ಯ ಸಂಪಾದಕರೇ,

ಸಾಸೇಜ್, ಬೇಕನ್, ಹ್ಯಾಮ್ ತಿನ್ನೋದು ಸಿಗರೇಟಿನಷ್ಟೇ ಡೇಂಜರ್ ಅಂತ ಒಂದಿನ ಹೆಡ್‌ಲೈನ್ ಬರುತ್ತೆ, ಸ್ವಲ್ಪ ದಿನ ಆದ್ಮೇಲೆ ಮಾಂಸ ತಿಂದ್ರೆ ಏನೂ ಆಗಲ್ವಂತೆ ಅಂತ ಇನ್ನೊಂದು ಬರುತ್ತೆ. ನಾನು ಡಯಟಿಷಿಯನ್ ಆಗಿ ಕೆಲಸ ಮಾಡ್ತೀನಿ, ಈ ಎರಡೂ ಸುದ್ದಿ ಓದ್ಕೊಂಡು ಬಂದವರ ಜೊತೆ ಮಾತಾಡೋದೇ ನನ್ನ ಕೆಲಸದ ಒಂದು ಭಾಗ ಆಗೋಗಿದೆ. ಕೆಲವರು ಹೆದರ್ಕೊಂಡು ಬರ್ತಾರೆ, ಇನ್ನು ಕೆಲವರು ಈ ಸೈಂಟಿಸ್ಟ್‌ಗಳು ದಿನಕ್ಕೊಂದು ಹೇಳ್ತಾರೆ ಬಿಡಿ ಅಂತ ಪೂರ್ತಿ ಕಿವಿ ಮುಚ್ಕೊಂಡಿರ್ತಾರೆ, ನನಗೆ ಜಾಸ್ತಿ ಚಿಂತೆ ಆಗೋದು ಈ ಎರಡನೇ ಗುಂಪಿನವರನ್ನ ನೋಡಿದಾಗ.

2015ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಸಂಸ್ಕರಿತ ಮಾಂಸವನ್ನ ಗ್ರೂಪ್ 1ಕ್ಕೆ ಸೇರಿಸ್ತು, ಅಂದ್ರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇದೆ ಅಂತ. 10 ದೇಶಗಳ 22 ತಜ್ಞರು ಕೂತು 800ಕ್ಕೂ ಜಾಸ್ತಿ ಅಧ್ಯಯನಗಳನ್ನ ನೋಡಿ ಹೇಳಿದ ಮಾತು ಇದು. ತಂಬಾಕು ಕೂಡ ಅದೇ ಗ್ರೂಪಲ್ಲಿ ಇರೋದ್ರಿಂದ ಎರಡೂ ಒಂದೇ ಅಂತ ಸುದ್ದಿಯವರು ಬರೆದುಬಿಟ್ರು. ಆ ಪಟ್ಟಿ ಹೇಳೋದು ಪುರಾವೆ ಎಷ್ಟು ಗಟ್ಟಿ ಅನ್ನೋದನ್ನ ಮಾತ್ರ, ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. ಬಿಸಿಲೂ ಅದೇ ಪಟ್ಟೀಲಿದೆ. ಆಗ ಅದೇ ಏಜೆನ್ಸಿ ಉಲ್ಲೇಖಿಸಿದ ಅಂದಾಜು ನೋಡಿ, ಸಂಸ್ಕರಿತ ಮಾಂಸ ಜಾಸ್ತಿ ಇರೋ ಊಟದಿಂದ ಜಗತ್ತಲ್ಲಿ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಸಾವು, ತಂಬಾಕಿನಿಂದ ಸುಮಾರು 10 ಲಕ್ಷ. ಈ ಎರಡು ಸಂಖ್ಯೆ ಪಕ್ಕಪಕ್ಕ ಹಾಕಿದ್ರೆ ಯಾರಿಗೂ ಗೊಂದಲನೇ ಆಗ್ತಿರಲಿಲ್ಲ.

ಇನ್ನು ಸುದ್ದಿಗಳಲ್ಲಿ ಬರೋ ಆ ಶೇಕಡಾ 18. ದಿನಾ 50 ಗ್ರಾಂ ಸಂಸ್ಕರಿತ ಮಾಂಸ ತಿಂದ್ರೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಅಪಾಯ ಸುಮಾರು ಶೇಕಡಾ 18 ಜಾಸ್ತಿ ಆಗುತ್ತೆ ಅಂತ ಲೆಕ್ಕ. 50 ಗ್ರಾಂ ಅಂದ್ರೆ ಒಂದು ಹಾಟ್ ಡಾಗ್ ಸಾಸೇಜು ಅಷ್ಟೇ. ಇದನ್ನ ಓದಿದವರು ತಿನ್ನೋ 100 ಜನರಲ್ಲಿ 18 ಜನಕ್ಕೆ ಕ್ಯಾನ್ಸರ್ ಅಂತ ಅರ್ಥ ಮಾಡ್ಕೋತಾರೆ, ಅವರ ತಪ್ಪಲ್ಲ, ಯಾವುದರ ಮೇಲೆ 18 ಅಂತ ನಾವು ಹೇಳೇ ಇಲ್ವಲ್ಲ. ಒಂದು ಕಡೆ ಜೀವಮಾನದಲ್ಲಿ 100ಕ್ಕೆ 5 ಜನಕ್ಕೆ ಈ ಕ್ಯಾನ್ಸರ್ ಬರುತ್ತೆ ಅಂತ ಇಟ್ಕೊಳ್ಳಿ, ಎಲ್ಲರೂ ದಿನಾ ಅಷ್ಟು ತಿಂದ್ರೆ ಅದು ಹೆಚ್ಚುಕಮ್ಮಿ 6 ಆಗುತ್ತೆ. ಅಷ್ಟೇನಾ ಅಂತ ಬಿಟ್ಟುಬಿಡೋ ಹಾಗಿಲ್ಲ, ಯಾಕಂದ್ರೆ ಅದೇ ಲೆಕ್ಕ 10 ಲಕ್ಷ ಜನಕ್ಕೆ ಹಾಕಿದ್ರೆ 50,000 ಹೋಗಿ 59,000 ಆಗುತ್ತೆ, ಆ 9,000 ಮನೆಗಳಲ್ಲಿ ಆಪರೇಷನ್ನು ಕೀಮೋ ಎಲ್ಲಾ ಶುರು ಆಗುತ್ತೆ. 2022ರಲ್ಲಿ ಜಗತ್ತಲ್ಲಿ ಸುಮಾರು 19 ಲಕ್ಷ ಜನರಿಗೆ ಈ ಕ್ಯಾನ್ಸರ್ ಹೊಸದಾಗಿ ಪತ್ತೆ ಆಯ್ತು, ಸುಮಾರು 9 ಲಕ್ಷ ಜನ ಸತ್ರು, ಕ್ಯಾನ್ಸರ್ ಸಾವುಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಿಟ್ರೆ ಎರಡನೇ ಸ್ಥಾನ ಇದಕ್ಕೇನೇ.

ಏನೂ ಆಗಲ್ಲ ಅಂತ ಸುದ್ದಿ ಬಂದಿದ್ದು 2019ರಲ್ಲಿ. ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್ ಅನ್ನೋ ಜರ್ನಲ್‌ನಲ್ಲಿ ಒಂದು ತಂಡ, ಜನ ಈಗ ಎಷ್ಟು ತಿಂತಿದ್ದಾರೋ ಅಷ್ಟೇ ತಿನ್ನಲಿ ಅಂತ ಬರೀತು. ತಮ್ಮ ಸಲಹೆ ದುರ್ಬಲ, ಪುರಾವೆಯ ಖಚಿತತೆ ಕಮ್ಮಿ ಅಂತ ಅವರೇ ಅದರಲ್ಲಿ ಬರೆದಿದ್ರು, ಅದು ಸುದ್ದೀಲಿ ಸರಿಯಾಗಿ ಬರಲೇ ಇಲ್ಲ. ಅವರು ಪುರಾವೆ ಅಳೆದ ರೀತೀಲಿ ಔಷಧಿ ಟ್ರಯಲ್ ಥರದ ಪರೀಕ್ಷೆಗಳಿಗೆ ಜಾಸ್ತಿ ಮಾರ್ಕ್ಸು. ಸಾವಿರಾರು ಜನರನ್ನ ಎರಡು ಗುಂಪು ಮಾಡಿ ಒಂದು ಗುಂಪಿಗೆ 20 ವರ್ಷ ದಿನಾ ಸಾಸೇಜ್ ತಿನ್ನಿಸಿ ಯಾರಿಗೆ ಕ್ಯಾನ್ಸರ್ ಬರುತ್ತೆ ನೋಡೋಣ ಅಂತ ಯಾರೂ ಮಾಡೋಕಾಗಲ್ಲ, ಮಾಡಲೂಬಾರದು. ಹಾಗಾಗಿ ಲಕ್ಷಗಟ್ಟಲೆ ಜನರನ್ನ ವರ್ಷಾನುಗಟ್ಟಲೆ ಫಾಲೋ ಮಾಡಿದ ಅಧ್ಯಯನಗಳನ್ನೇ ನಂಬಬೇಕು. ಅದೇ 2019ರಲ್ಲಿ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಅನ್ನೋ ಆರೋಗ್ಯ ಮಾಹಿತಿ ಸಂಗ್ರಹದಲ್ಲಿರೋ ಸುಮಾರು 5 ಲಕ್ಷ ಜನರ ಮಾಹಿತಿ ಇಟ್ಕೊಂಡು ಮಾಡಿದ ಅಧ್ಯಯನದಲ್ಲೂ ಸಂಸ್ಕರಿತ ಮಾಂಸ ಜಾಸ್ತಿ ಆದ ಹಾಗೆ ಈ ಕ್ಯಾನ್ಸರ್ ಜಾಸ್ತಿ ಆಗಿರೋದು ಕಾಣಿಸ್ತು.

ಜನ ನನ್ನನ್ನ ಜಾಸ್ತಿ ಕೇಳೋದು ಯಾವುದು ಸಂಸ್ಕರಿತ, ಯಾವುದು ಅಲ್ಲ ಅಂತ. ಬರೀ ಕೊಚ್ಚಿದ ಮಾಂಸ, ಬರೀ ಫ್ರೀಜರಲ್ಲಿಟ್ಟ ಮಾಂಸ ಈ ಲೆಕ್ಕಕ್ಕೆ ಬರಲ್ಲ. ಉಪ್ಪು ಹಾಕಿ ಕ್ಯೂರ್ ಮಾಡಿದ್ದು, ಹೊಗೆ ಹಿಡಿಸಿದ್ದು, ಹುದುಗಿಸಿದ್ದು, ಕೆಡದೇ ಇರಲಿ ಅಂತ ಕೆಮಿಕಲ್ ಹಾಕಿದ್ದು ಬರುತ್ತೆ. ಚಿಕನ್ ಸಾಸೇಜ್, ಚಿಕನ್ ಸಲಾಮಿ ಆದ್ರೆ ಪರವಾಗಿಲ್ಲ ಅಲ್ವಾ ಅಂತ ಕೇಳ್ತಾರೆ. ಅಧ್ಯಯನಗಳಲ್ಲಿ ಇದ್ದಿದ್ದು ಬಹುಪಾಲು ಹಂದಿ ಮತ್ತು ದನದ ಮಾಂಸನೇ ನಿಜ, ಆದ್ರೆ ಏಜೆನ್ಸಿ ಕೊಟ್ಟ ವ್ಯಾಖ್ಯಾನದಲ್ಲಿ ಕೋಳಿ ಮಾಂಸನೂ ಸೇರುತ್ತೆ, ಹಾಗಾಗಿ ಚಿಕನ್ ಅಂದ ಮಾತ್ರಕ್ಕೆ ಸೇಫ್ ಅಂತ ನಾನು ಹೇಳಲ್ಲ.

ಸಮಸ್ಯೆಯ ಮುಖ್ಯ ಭಾಗ ನೈಟ್ರೈಟ್, ಅಂದ್ರೆ ಮಾಂಸ ಕೆಡದೇ ಇರಲಿ ಅಂತ ಹಾಕೋ ಒಂದು ಕೆಮಿಕಲ್. ಬೊಟುಲಿಸಂ ಅನ್ನೋ ಜೀವಕ್ಕೇ ಅಪಾಯ ತರೋ ಫುಡ್ ಪಾಯ್ಸನ್‌ಗೆ ಕಾರಣವಾಗೋ ಬ್ಯಾಕ್ಟೀರಿಯಾ ಬೆಳೀದೇ ಇರಲಿ ಅಂತಾನೇ ಅದನ್ನ ಹಾಕೋದು, ಹ್ಯಾಮ್‌ಗೆ ಆ ಗುಲಾಬಿ ಬಣ್ಣ ಬರೋದೂ ಅದರಿಂದಲೇ. ಆದ್ರೆ ಮಾಂಸದ ಪ್ರೋಟೀನಿನ ಜೊತೆ ಸೇರ್ಕೊಂಡು ಅದು ಎನ್-ನೈಟ್ರೋಸೋ ಅನ್ನೋ ಸಂಯುಕ್ತಗಳಾಗುತ್ತೆ, ಇವುಗಳಲ್ಲಿ ಹಲವು ಕರುಳಿನ ಜೀವಕೋಶಗಳ ಡಿಎನ್‌ಎಗೆ ಏಟು ಕೊಡುತ್ತೆ. ಮಾಂಸದ ಕೆಂಪು ಬಣ್ಣಕ್ಕೆ ಕಾರಣವಾದ ಹೀಮ್ ಕಬ್ಬಿಣ ಈ ಕೆಲಸನ ಇನ್ನೂ ಜೋರು ಮಾಡುತ್ತೆ. ತರಕಾರೀಲೂ ನೈಟ್ರೇಟ್ (ದೇಹದೊಳಗೆ ನೈಟ್ರೈಟ್ ಆಗಬಲ್ಲ ವಸ್ತು) ಇದೆಯಲ್ಲ ಅಂತ ವಾದ ಮಾಡೋರಿದ್ದಾರೆ, ಇದೆ, ಆದ್ರೆ ತರಕಾರೀಲಿ ಹೀಮ್ ಇಲ್ಲ, ಈ ಕ್ರಿಯೆನ ತಡೆಯೋ ವಿಟಮಿನ್ ಸಿ ಜೊತೇಲೇ ಬರುತ್ತೆ. ಪ್ಯಾಕೆಟ್ ಹಿಂದೆ 249, 250 ಅಂತಿದ್ರೆ ನೈಟ್ರೈಟ್, 251, 252 ಅಂತಿದ್ರೆ ನೈಟ್ರೇಟ್. ನೈಟ್ರೈಟ್ ಹಾಕಿಲ್ಲ ಅಂತ ದೊಡ್ಡದಾಗಿ ಬರೆದು ಸೆಲೆರಿ ಪೌಡರ್ ಹಾಕಿರೋ ಪ್ಯಾಕೆಟ್‌ಗಳೂ ಬರುತ್ತೆ, ಆ ಪೌಡರ್‌ನಿಂದ ಆಗೋದೂ ಅದೇ ನೈಟ್ರೈಟೇ, ಗಿಡದಿಂದ ಬಂತು ಅಂದ ಮಾತ್ರಕ್ಕೆ ಕರುಳಿಗೆ ವ್ಯತ್ಯಾಸ ಗೊತ್ತಾಗಲ್ಲ. ಇಂಥ ಲೇಬಲ್ ನೋಡಿದಾಗ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ.

ಹಬ್ಬಕ್ಕೋ ಪಾರ್ಟಿಗೋ ಯಾವಾಗಲೋ ಒಂದ್ಸಲ ತಿಂದವರು ನಿದ್ದೆ ಕೆಡಿಸ್ಕೊಳ್ಳೋದು ಬೇಡ. ದಿನಾ ಬೆಳಿಗ್ಗೆ ತಿನ್ನೋರು, ಮಕ್ಕಳ ಟಿಫಿನ್ ಬಾಕ್ಸ್‌ಗೆ ಸುಲಭ ಅಂತ ದಿನಾ ಹಾಕೋರು ಕಮ್ಮಿ ಮಾಡ್ಲೇಬೇಕು, ಆ ಜಾಗಕ್ಕೆ ಕಾಳು, ಮೊಟ್ಟೆ, ಮೀನು ಏನಾದ್ರೂ ಬರಲಿ. ನಾರು ಇರೋ ಊಟ, ಪಾಲಿಶ್ ಮಾಡದ ಧಾನ್ಯ ಈ ಕ್ಯಾನ್ಸರ್ ಅಪಾಯನ ಕಮ್ಮಿ ಮಾಡುತ್ತೆ, ಓಡಾಟನೂ ಅಷ್ಟೇ. ಕುಡಿತ, ಸಿಗರೇಟು, ಬೊಜ್ಜು ಜಾಸ್ತಿ ಮಾಡುತ್ತೆ.

ಹೆಡ್‌ಲೈನ್‌ಗಳಲ್ಲಿ ಯಾವತ್ತೂ ಬರದೇ ಇರೋ ಇನ್ನೊಂದು ವಿಷಯ ಇದೆ. ಈ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್ ಅನ್ನೋ ಸಣ್ಣ ಗಂಟಿನಿಂದ ಶುರುವಾಗುತ್ತೆ, ಅದು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 10 ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತೆ, ಅಷ್ಟರೊಳಗೆ ಕೊಲೊನೋಸ್ಕೋಪಿಯಲ್ಲಿ (ಕ್ಯಾಮೆರಾ ಇರೋ ಕೊಳವೆ ಹಾಕಿ ದೊಡ್ಡ ಕರುಳು ನೋಡೋ ಪರೀಕ್ಷೆ) ಕಂಡ್ರೆ ಆಗಲೇ ತೆಗೆದುಹಾಕಬಹುದು. ಮಲದಲ್ಲಿ ರಕ್ತ ಬಂದ್ರೆ ಪೈಲ್ಸ್ ಇರಬೇಕು ಅಂತ ತಿಂಗಳುಗಟ್ಟಲೆ ಸುಮ್ಮನೆ ಇರ್ತಾರೆ, ನಾಚಿಕೆಗೆ ಮನೇಲೂ ಹೇಳಲ್ಲ. ರಕ್ತ ಕಂಡ್ರೆ, ಮಲವಿಸರ್ಜನೆಯ ರೀತಿ ಬದಲಾಗಿ ವಾರಗಟ್ಟಲೆ ಹಾಗೇ ಇದ್ರೆ, ಕಾರಣ ಇಲ್ದೇ ತೂಕ ಇಳೀತಿದ್ರೆ, ರಕ್ತಹೀನತೆ ಅಂತ ಗೊತ್ತಾದ್ರೆ, ಮಾಂಸ ಮುಟ್ಟದವರಾದ್ರೂ ಸರಿ, ಡಾಕ್ಟರ್‌ಗೆ ತೋರಿಸ್ಲಿ. 2021ರಲ್ಲಿ ಅಮೆರಿಕದ ತಜ್ಞರ ಕಾರ್ಯಪಡೆ ತಪಾಸಣೆ ಶುರು ಮಾಡೋ ವಯಸ್ಸನ್ನ 50ರಿಂದ 45ಕ್ಕೆ ಇಳಿಸಿದೆ, ಚಿಕ್ಕ ವಯಸ್ಸಿನವರಲ್ಲೂ ಇದು ಜಾಸ್ತಿ ಆಗ್ತಿರೋದೇ ಅದಕ್ಕೆ ಕಾರಣ.

ಇನ್ನೊಂದ್ಸಲ ಈ ವಿಷಯದ ಸುದ್ದಿ ಹಾಕೋವಾಗ ಶೇಕಡಾವಾರು ಜೊತೆಗೆ 100 ಜನರಲ್ಲಿ ಎಷ್ಟು ಇದ್ದಿದ್ದು ಎಷ್ಟಾಗುತ್ತೆ ಅಂತನೂ ಒಂದು ಸಾಲು ಹಾಕಿ, ಅದರ ಕೆಳಗೆ ಈ ಲಕ್ಷಣಗಳದ್ದೊಂದು ಚಿಕ್ಕ ಬಾಕ್ಸ್ ಕೊಡಿ ಅಂತ ಕೇಳ್ಕೋತೀನಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬರಾದ ಡಯಟಿಷಿಯನ್