ಗಿಫ್ಟ್ ಪುಟದಲ್ಲಿ ಕಾರ್ಡು, ಬಿಸ್ಕೆಟ್ಟಿಗೂ ಜಾಗ ಕೊಡಿ

ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ಪುರವಣೀಲಿ ಫ್ರೆಂಡ್ಸ್‌ಗೆ ಏನೇನು ಗಿಫ್ಟ್ ಕೊಡ್ಬೋದು ಅಂತ ಇಡೀ ಪುಟ ಹಾಕಿದ್ರಲ್ಲ, ವಾಚು, ಇಯರ್‌ಬಡ್ಸು, ಪರ್ಫ್ಯೂಮು, ಎಲ್ಲಾ ಓದ್ದೆ, ಚೆನ್ನಾಗೇ ಇತ್ತು, ಆದ್ರೆ ಕೈಯಲ್ಲಿ ಮಾಡಿದ ಕಾರ್ಡು, ಮನೇಲಿ ಮಾಡಿದ ತಿಂಡಿ ಅನ್ನೋ ಮಾತು ಹುಡುಕಿದ್ರೂ ಸಿಗ್ಲಿಲ್ಲ. ಅದಕ್ಕೇ ಈ ಪತ್ರ.

ನನಗೇನು ಚಿತ್ರ ಬರೆಯೋಕೆ ಬರಲ್ಲ, ಹೂವು ಬಿಡಿಸಿದ್ರೆ ಫ್ಯಾನ್ ಥರ ಕಾಣುತ್ತೆ. ಆದ್ರೂ ನಾಲ್ಕೈದು ವರ್ಷದಿಂದ ಗೆಳತಿಯರಿಗೆ ಕಾರ್ಡು ಮಾಡ್ತಿದೀನಿ. ಎ4 ಸೈಜಿನ ದಪ್ಪ ಹಾಳೆ ಅರ್ಧಕ್ಕೆ ಕತ್ತರಿಸಿ ಮಡಚಿದ್ರೆ ಎರಡು ಕಾರ್ಡಾಗುತ್ತೆ, ಆದ್ರೆ ಸುಮ್ನೆ ಮಡಚಿದ್ರೆ ಮಡಿಕೆ ಹತ್ರ ಬಿರಿಯುತ್ತೆ, ಅದಕ್ಕೆ ಇಂಕು ಮುಗಿದ ಬಾಲ್‌ಪೆನ್ ತಗೊಂಡು ಸ್ಕೇಲ್ ಇಟ್ಟು ಒತ್ತಿ ಒಂದು ಗೆರೆ ಎಳೆದು ಆಮೇಲೆ ಮಡಚ್ಬೇಕು. ಇಷ್ಟು ಗೊತ್ತಾಗೋಷ್ಟರಲ್ಲಿ ಹತ್ತು ಹಾಳೆ ಹಾಳು ಮಾಡಿದ್ದೆ. ನೀರುನೀರಾದ ಗಮ್ಮಲ್ಲಿ ಹಾಳೆ ಸುಕ್ಕಾಗುತ್ತೆ, ಗ್ಲೂ ಸ್ಟಿಕ್ಕೇ ವಾಸಿ.

ತಿಂಡಿ ವಿಷ್ಯದಲ್ಲಂತೂ ಮರ್ಯಾದೆ ಹೋಗಿದೆ. ಗೆಳತಿ ಒಬ್ಬಳು ಕೆಲಸ ಸಿಕ್ಕಿ ಬೇರೆ ಊರಿಗೆ ಹೊರಟಾಗ ಓವನ್ನಿಂದ ತೆಗೆದ ಬಿಸಿ ಬಿಸ್ಕೆಟ್ಟನ್ನ ಅವಸರಕ್ಕೆ ಹಂಗೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದ್ಬಿಟ್ಟೆ. ಒಳಗಿನ ಹಬೆಯೆಲ್ಲ ನೀರಾಗಿ ಗರಿಗರಿ ಹೋಗಿ ಮೆತ್ತಗಾಗಿತ್ತಂತೆ, ರಾತ್ರಿ ಫೋನ್ ಮಾಡಿ ನಗ್ತಾ "ಸ್ಪೂನಲ್ಲಿ ತಿಂದ್ವಿ ಕಣೇ" ಅಂದ್ಳು. ಪೂರ್ತಿ ಆರೋವರೆಗೂ ಡಬ್ಬಿಗೆ ಹಾಕ್ಬಾರ್ದು, ಅಷ್ಟೇ ಗುಟ್ಟು. ಇನ್ನೊಂದು, ಒಳಗೆ ಏನೇನು ಹಾಕಿದೀವಿ ಅಂತ ಡಬ್ಬಿ ಮೇಲೆ ಚೀಟಿ ಅಂಟಿಸಿ, ಕಡಲೆಕಾಯಿ, ಗೋಡಂಬಿ ಅಲರ್ಜಿ ಇರೋರಿಗೆ ಅದು ತಮಾಷೆ ಮಾತಲ್ಲ. ಸಕ್ಕರೆ ಬಿಟ್ಟಿರೋರಿಗೆ ಕಾರ್ಡೊಂದೇ ಸಾಕು.

ಆ ಬಿಸ್ಕೆಟ್ ಅವತ್ತೇ ಖಾಲಿಯಾಯ್ತು, ಕಾರ್ಡು ಮಾತ್ರ ಇವತ್ತಿಗೂ ಅವಳ ಬೀರು ಬಾಗಿಲ ಒಳಗಡೆ ಇದೆ. ಬರೆದಿದ್ದೇನು ಅಂದ್ರೆ, "ನಿನ್ನ ನೀಲಿ ಕೊಡೆ ನನ್ನ ಹತ್ರಾನೇ ಇದೆ, ವಾಪಸ್ ಬೇಕಂದ್ರೆ ನೀನೇ ಬಾ." ಇದೇ ಜಾಗದಲ್ಲಿ ಬೆಸ್ಟ್ ವಿಶಸ್ ಅಂತ ಗೀಚಿದ್ರೆ ಯಾರು ಇಟ್ಕೋತಿದ್ರು ಹೇಳಿ?

ಹಂಗಂತ ಮೊಬೈಲ್ ಫಾರ್ವರ್ಡನ್ನ ಬೈಯೋಕೆ ನಾನು ಹೋಗಲ್ಲ, ಅಚ್ಚಾದ ಕಾರ್ಡಿನ ಕಥೇನೂ ಅದೇ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅನ್ನೋರು ಕ್ರಿಸ್‌ಮಸ್‌ಗೆ ಎಲ್ಲರಿಗೂ ಪತ್ರ ಬರೆದು ಪೂರೈಸೋಕಾಗದೆ ಜಾನ್ ಹಾರ್ಸ್‌ಲಿ ಅನ್ನೋ ಕಲಾವಿದರ ಹತ್ರ ಚಿತ್ರ ಬರೆಸಿ ಕಾರ್ಡು ಅಚ್ಚು ಹಾಕ್ಸಿದ್ರು. ಅದ್ರಲ್ಲೂ ಯಾರಿಗೆ, ಯಾರಿಂದ ಅನ್ನೋ ಜಾಗ ಖಾಲಿ ಬಿಟ್ಟಿದ್ರು, ಹೆಸರಾದ್ರೂ ಕೈಯಲ್ಲೇ ಬರೀಬೇಕಿತ್ತು ನೋಡಿ.

ಬರೆಯೋಕೆ ಮುಜುಗರ ಅನ್ನೋರು ಬಹಳ ಜನ. ಅಮಿತ್ ಕುಮಾರ್, ನಿಕೋಲಸ್ ಎಪ್ಲಿ ಅನ್ನೋ ಇಬ್ಬರು ಸಂಶೋಧಕರು 2018ರಲ್ಲಿ ಇದನ್ನೇ ನೋಡಿದ್ರು, ಜನರ ಕೈಲಿ ಥ್ಯಾಂಕ್ಸ್ ಹೇಳೋ ಪತ್ರ ಬರೆಸಿದ್ರು. ಬರೆದವರು, ಓದೋರಿಗೆ ಇರುಸುಮುರುಸು ಆಗುತ್ತೇನೋ ಅಂತ ಅಂದ್ಕೊಂಡಿದ್ರು, ಆದ್ರೆ ಓದಿದವರಿಗೆ ಆದ ಖುಷಿ ಇವರ ಅಂದಾಜಿಗಿಂತ ಜಾಸ್ತಿ ಇತ್ತು, ಇರುಸುಮುರುಸು ಕಮ್ಮಿ. ಅಕ್ಷರ ಸೊಟ್ಟಗಿದ್ರೆ ಇರ್ಲಿ ಬಿಡಿ.

ಈಗೀಗ ಇದನ್ನೂ ಸ್ಪರ್ಧೆ ಮಾಡ್ಕೊಂಡಿದಾರೆ, ರಿಬ್ಬನ್ನು, ಮಣಿ, ಮಿನುಗು, ಮೂರು ದಿನದ ಕೆಲಸ, ಆಮೇಲೆ ರೀಲ್ಸು. ನನಗೆ ಅದು ಹಿಡಿಸಲ್ಲ, ನೋಡಿದವರು ನಮ್ಮ ಕೈಲಾಗಲ್ಲ ಅಂತ ಸುಮ್ಮನಾಗಿಬಿಡ್ತಾರೆ.

ಮುಂದಿನ ಸಲ ಗಿಫ್ಟ್ ಪುಟ ಮಾಡುವಾಗ ಒಂದು ಮೂಲೆ ಇದಕ್ಕೂ ಬಿಡಿ. ಬಿಸ್ಕೆಟ್ ರೆಸಿಪಿ ಹಾಕೋದಾದ್ರೆ ಅಳತೆ ಗ್ರಾಮಲ್ಲೇ ಕೊಡಿ, ಕಪ್ ಅಂತ ಹಾಕಿದ್ರೆ ಯಾವ ಕಪ್ಪು ಅಂತ ನಾವು ಒದ್ದಾಡ್ಬೇಕು.

ಇತಿ,
ನಿಮ್ಮ ಖಾಯಂ ಓದುಗರಲ್ಲೊಬ್ಬಳು