ಹೆಸರು ಹೇಳದ್ದಕ್ಕೆ ಕೈತಪ್ಪಿದ ಮತ

ಮಾನ್ಯ ಸಂಪಾದಕರೇ,

ಭಾರತದ ಮಹಿಳೆಯರಿಗೆ ಮತದಾನದ ಹಕ್ಕು ಹೋರಾಟವಿಲ್ಲದೆ, ಸಂವಿಧಾನದ ಜೊತೆಗೆ ತಾನಾಗಿಯೇ ಬಂತು ಎಂದು ವಿದ್ಯಾವಂತರೂ ಹೇಳುವುದನ್ನು ಕೇಳಿದಾಗ ನೋವಾಗುತ್ತದೆ. 1917ರ ಡಿಸೆಂಬರ್‌ನಲ್ಲಿಯೇ ಸರೋಜಿನಿ ನಾಯ್ಡು ನೇತೃತ್ವದ ನಿಯೋಗವು ಮದರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ವ್ಯವಹಾರಗಳ ಸಚಿವ ಮಾಂಟೆಗು ಅವರನ್ನು ಕಂಡು ಈ ಹಕ್ಕನ್ನು ಕೇಳಿತ್ತು. ಯಾರಿಗೆ ಮತದಾನದ ಹಕ್ಕು ಕೊಡಬೇಕೆಂದು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಸೌತ್‌ಬರೊ ಸಮಿತಿ ಒಪ್ಪಲಿಲ್ಲ. ಮುಂದೆ ತೀರ್ಮಾನವನ್ನು ಪ್ರಾಂತೀಯ ಶಾಸನ ಸಭೆಗಳಿಗೆ ಬಿಟ್ಟಾಗ, 1921ರಲ್ಲಿ ಮದರಾಸು ಸಮ್ಮತಿಸಿದ್ದರಿಂದ, ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಮತ್ತು ಬಳ್ಳಾರಿಯ ಮಹಿಳೆಯರಿಗೂ ಹಕ್ಕು ದೊರೆಯಿತು. ಆದರೆ ಆಸ್ತಿ, ತೆರಿಗೆಗಳ ಷರತ್ತಿನಿಂದಾಗಿ ಕೂಲಿಮಾಡುವ ಹೆಣ್ಣುಮಕ್ಕಳು ಹೊರಗೇ ಉಳಿದರು. 1926ರಲ್ಲಿ ಮಂಗಳೂರಿನವರಾದ ಕಮಲಾದೇವಿ ಚಟ್ಟೋಪಾಧ್ಯಾಯ ಮದರಾಸು ಶಾಸನ ಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ನನ್ನ ದೃಷ್ಟಿಯಲ್ಲಿ ಆ ಸೋಲು ಎಷ್ಟೋ ಗೆಲುವುಗಳಿಗಿಂತ ದೊಡ್ಡದು.

ಹಕ್ಕು ಕಾಗದದ ಮೇಲೆ ಬಂದ ಬಳಿಕವೂ ಕಷ್ಟ ತೀರಲಿಲ್ಲ. 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸಲು ಬಂದವರಿಗೆ, ಅಪರಿಚಿತರೆದುರು ತಮ್ಮ ಹೆಸರು ಹೇಳದ ಸಂಪ್ರದಾಯದಲ್ಲಿ ಬೆಳೆದ ಅನೇಕ ಮಹಿಳೆಯರು ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದೆ ಮತದಾರರಾಗಲಾಗದು ಎಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟುಹಿಡಿದರು. ಕೊನೆಗೂ ಹೆಸರು ತಿಳಿಸದ ಸುಮಾರು 28 ಲಕ್ಷ ಮಹಿಳೆಯರು, ಹೆಚ್ಚಾಗಿ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆಯವರು, ಪಟ್ಟಿಯಿಂದ ಹೊರಬಿದ್ದರು. ಆ ನಿಲುವು ಕಠಿಣವಾಗಿದ್ದರೂ ಸರಿಯಾಗಿತ್ತು ಎಂದೇ ನಾನು ನಂಬುತ್ತೇನೆ.

ಜನವರಿ 25ರ ಮತದಾರರ ದಿನದಂದು ಶಾಲಾ ಕಾಲೇಜುಗಳಲ್ಲಿ ಪ್ರತಿಜ್ಞೆ ಬೋಧಿಸುವುದರ ಜೊತೆಗೆ ಈ ಚರಿತ್ರೆಯನ್ನೂ ಹೇಳಿಕೊಡುವಂತೆ ಶಿಕ್ಷಣ ಇಲಾಖೆಯು ಸೂಚಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಶಿಕ್ಷಕಿ, ಮಂಗಳೂರು